ಕೊನೆಯ ಅಕ್ಷರ ಅತ್ತಿಗೆಯದು

ಮುಖ್ಯವಾದ ಮಾತೇನಾದರೂ ಹೇಳುವುದಿದ್ದರೆ ನಮ್ಮ ಅತ್ತಿಗೆ ಮೊದಲು ಮೂಗು ಹಿಡಿದುಕೊಳ್ಳುತ್ತಿದ್ದರು. ಎಡಗೈಯ ಹೆಬ್ಬೆರಳು, ತೋರುಬೆರಳುಗಳಿಂದ ಹೊಳ್ಳೆಗಳನ್ನು ಮೆಲ್ಲಗೆ ಒತ್ತಿ, ಕಣ್ಣು ಕಿರಿದು ಮಾಡಿ, ಒಂದೊಂದೇ ಪದವನ್ನು ಬಾಯಿಂದ ಹೊರಗೆ ಕಳಿಸುತ್ತಿದ್ದರು. ಕಾಫಿ ಕುಯ್ಲಿನ ಕಾಲದಲ್ಲಿ ಆ ಬೆರಳುಗಳು ಹಣ್ಣಿನ ಕರೆ ಹಿಡಿದು ಕಪ್ಪಾಗಿರುತ್ತಿದ್ದವು. ಮೂಗಿನ ಎರಡೂ ಪಕ್ಕದಲ್ಲಿ ಅದೇ ಕರೆಯ ಮಸುಕು ಗುರುತು ಇರುತ್ತಿತ್ತು. ಅವರಿಗೆ ಹುಟ್ಟಿನಿಂದಲೇ ಅಂಗುಳಿನಲ್ಲಿ ಸೀಳು. ತುಟಿ, ಮುಖ ಎಲ್ಲ ಸರಿಯಾಗಿಯೇ ಇತ್ತು, ನೋಡಲು ಲಕ್ಷಣವಾಗಿಯೇ ಇದ್ದರು. ಆದರೆ ಬಾಯಿಗೂ ಮೂಗಿಗೂ ನಡುವಿನ ಗೋಡೆ ಕೂಡಿಕೊಂಡಿರಲಿಲ್ಲ. ಆಡಿದ ಮಾತಿನ ಗಾಳಿಯಲ್ಲಿ ಅರ್ಧ ಮೂಗಿನಿಂದ ಸೋರಿ ಹೋಗುತ್ತಿತ್ತು. ಪ ಅಂದರೆ ಮ ಆಗುತ್ತಿತ್ತು, ತ ಅಂದರೆ ನ ಆಗುತ್ತಿತ್ತು. ಕ, ಸ, ಶ ಬರುತ್ತಲೇ ಇರಲಿಲ್ಲ.

ಅವರು ನನ್ನ ಗಂಡನ ಅಕ್ಕ. ಹೆತ್ತೂರು ಕಡೆಯ ಆ ಮನೆಗೆ ನಾನು ಸೊಸೆಯಾಗಿ ಹೋದಾಗ ಅಲ್ಲಿದ್ದವರು ಮೂರೇ ಜನ. ಮಾವ, ಅತ್ತಿಗೆ, ನನ್ನ ಗಂಡ. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಅತ್ತಿಗೆಯೇ. ಅವರು "ತಮ್ಮ" ಎಂದು ಕರೆದರೆ "ನಮ್ಮ" ಎಂದು ಕೇಳುತ್ತಿತ್ತು. "ಅಪ್ಪ" ಎಂದರೆ "ಅಮ್ಮ" ಎಂದು ಕೇಳುತ್ತಿತ್ತು. ಗಿರಿಜಾಮೀಸೆ ಬಿಟ್ಟುಕೊಂಡು, ಹೆಗಲ ಮೇಲೆ ಕೋವಿ ಇಟ್ಟುಕೊಂಡು ತೋಟ ಸುತ್ತುವ ನಮ್ಮ ಮಾವ, ಮಗಳು ಕಣದಿಂದ "ಅಮ್ಮಾ" ಎಂದು ಕೂಗಿದರೆ "ಬಂದೆ ಕಣವ್ವ" ಎಂದು ಓಗೊಡುತ್ತಿದ್ದರು. ಹೊಸಬರಿಗೆ ನಗು ಬರುವಂಥ ನೋಟ. ನನಗೂ ಮೊದಲ ಕೆಲವು ದಿನ ಬಂದಿತ್ತು, ಆಮೇಲೆ ಬರಲಿಲ್ಲ.

ಅವರ ಮಾತನ್ನು ಅವರು ಆಡಿದ ಹಾಗೆಯೇ ಬರೆಯುತ್ತಾ ಹೋದರೆ ಓದುವವರಿಗೆ ಕಷ್ಟ, ಅವರಿಗೆ ಅವಮಾನ. ಆದ್ದರಿಂದ ಮನೆಯವರಾದ ನಮಗೆ ಅದು ಹೇಗೆ ತಿಳಿಯುತ್ತಿತ್ತೋ ಹಾಗೆಯೇ ಬರೆಯುತ್ತೇನೆ.

ನಾನು ಆಲೂರು ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ ಅತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಏನೋ ಕೇಳಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಮತ್ತೆ ಕೇಳಲು ಸಂಕೋಚವಾಗಿ "ಹೂಂ" ಎಂದೆ. ಇನ್ನೊಮ್ಮೆ ಏನೋ ಕೇಳಿದರು. ಅದಕ್ಕೂ "ಹೂಂ" ಎಂದೆ. ಸ್ವಲ್ಪ ಹೊತ್ತಿಗೆ ಒಂದು ಲೋಟ ಕಾಫಿ, ಒಂದು ಲೋಟ ಹಾಲು ಎರಡನ್ನೂ ತಂದು ನನ್ನ ಮುಂದಿಟ್ಟು, ಎದುರಿಗೇ ಕುಕ್ಕರಗಾಲಲ್ಲಿ ಕುಳಿತರು. ಕಾಫಿಯೋ ಹಾಲೋ ಎಂದು ಕೇಳಿದ್ದರಂತೆ. ನಾನು ಎರಡೂ ಲೋಟ ಖಾಲಿ ಮಾಡುವವರೆಗೂ ಮುಖ ಗಂಟು ಹಾಕಿಕೊಂಡೇ ಕುಳಿತಿದ್ದು, ಕೊನೆಗೆ ಮೂಗು ಹಿಡಿದು ನಿಧಾನವಾಗಿ ಹೇಳಿದರು. "ತಿಳೀದಿದ್ರೆ ಇನ್ನೊಂದ್ಸಲ ಕೇಳು ಕಣೇ. ನಂಗೇನ್ ಬೇಜಾರಿಲ್ಲ. ಸುಮ್ನೆ ಹೂಂ ಅಂದ್ರೆ ಬೇಜಾರು."

ಆಮೇಲೆ ಇಬ್ಬರೂ ನಕ್ಕೆವು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಮಾತು ನನಗೆ ಬೇರೆಯವರ ಮಾತಿನಷ್ಟೇ ಸಲೀಸಾಗಿತ್ತು.

ಅತ್ತಿಗೆಯನ್ನು ನೋಡಲು ಗಂಡುಗಳು ಬಂದಿದ್ದವಂತೆ, ಹೋಗಿದ್ದವಂತೆ. ಆ ವಿಷಯವನ್ನು ಅವರು ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ. ಕಾಫಿ ಒಣಗಿಸುವ ಕಣ ಅವರ ರಾಜ್ಯ. ಬೆಳಗಿನ ಬಿಸಿಲು ಬಿದ್ದ ಕೂಡಲೇ ಹಣ್ಣಿನ ರಾಶಿಯ ನಡುವೆ ಪಾದದಿಂದ ಸಾಲು ಎಳೆಯುತ್ತಾ, ತಿರುವುತ್ತಾ ಓಡಾಡುತ್ತಿದ್ದರು. ಕುಯ್ಲಿಗೆ ಬಂದ ಹೆಂಗಸರಿಗೆಲ್ಲ ಅವರ ಕಥೆಗಳೆಂದರೆ ಇಷ್ಟ. ಕಥೆ ಮುಗಿಯುವ ಮೊದಲೇ ನಗು ಶುರುವಾಗುತ್ತಿತ್ತು. ಯಾರನ್ನು ಕರೆಯಬೇಕಾದರೂ ಹೆಸರಿನ ಮೊದಲ ಭಾಗವನ್ನು ಹೇಗೋ ದಾಟಿಸಿಬಿಟ್ಟು ಕೊನೆಯ ಅಕ್ಷರವನ್ನು ಹಿಡಿದು ಉದ್ದಕ್ಕೆ ಎಳೆಯುತ್ತಿದ್ದರು. ಗುಡ್ಡದ ಆಚೆ ಮಗ್ಗುಲಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. "ಕರೆಯೋವಾಗ ಹೆಸ್ರಿನ ತಲೆ ಯಾರಿಗ್ ಬೇಕು? ಬಾಲ ಎಳುದ್ರೆ ಸಾಕು, ಬತ್ತಾರೆ" ಎನ್ನುವುದು ಅವರ ಮಾತು.

ತೊಂಬತ್ತರ ದಶಕದ ನಡುವಿನ ಒಂದು ಕುಯ್ಲಿನ ಕಾಲದಲ್ಲಿ ನನ್ನ ಮೊದಲ ಮಗ ಹುಟ್ಟಿದ. ತಿಂಗಳು ತುಂಬಿರಲಿಲ್ಲ. ಬಾಡಿಗೆ ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಹೋದೆವು. ಮಗು ಉಳಿಯಿತು, ಆದರೆ ಅಂಗೈಯಗಲದ ಮಗು, ಎದೆ ಚೀಪುವ ಶಕ್ತಿ ಇರಲಿಲ್ಲ. ಹಾಲು ಹಿಂಡಿ ಸ್ವಲ್ಪ ಸ್ವಲ್ಪವೇ ಕುಡಿಸಿ, ಬೆಚ್ಚಗೆ ಇಟ್ಟುಕೊಳ್ಳಿ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ನನಗೆ ತಾಯಿ ಇರಲಿಲ್ಲ. ಹೀಗಾಗಿ ಬಾಣಂತನವೂ ಗಂಡನ ಮನೆಯಲ್ಲೇ ಆಯಿತು.

ಅತ್ತಿಗೆ ಅಟ್ಟದ ಮೇಲಿಂದ ಒಂದು ಹಿತ್ತಾಳೆಯ ಒಳಲೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿನೀರಲ್ಲಿ ಕುದಿಸಿದರು. ಹಕ್ಕಿಯ ಕೊಕ್ಕಿನಂಥ ಮೂತಿಯ ಪುಟ್ಟ ಬಟ್ಟಲು ಅದು. "ನಂಗೂ ಚೀಪಕ್ಕೆ ಬತ್ತಿರ್ಲಿಲ್ಲ" ಎಂದರು. "ಹಾಲೆಲ್ಲ ಮೂಗಲ್ಲಿ ಬತ್ತಿತ್ತಂತೆ. ಅವ್ವ ಇದ್ರಲ್ಲೇ ಬುಟ್ಟು ಬುಟ್ಟು ಬದುಕಿಸಿದ್ದು." ತಮ್ಮ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು, ಕೆನ್ನೆಯ ಒಳಬದಿಗೆ ಒಂದು ತೊಟ್ಟು ಬಿಟ್ಟು, ಅದು ನುಂಗಿದ್ದನ್ನು ಗಂಟಲ ಮೇಲೆ ಬೆರಳಿಟ್ಟು ನೋಡಿ, ಆಮೇಲೆ ಇನ್ನೊಂದು ತೊಟ್ಟು. ಹಾಲು ಹಿಂಡಿ ಕೊಟ್ಟು ನಾನು ಪಕ್ಕದಲ್ಲೇ ಒರಗಿ ನೋಡುತ್ತಿದ್ದೆ. ಆ ವರ್ಷ ಅವರು ಕಣಕ್ಕೆ ಇಳಿಯಲೇ ಇಲ್ಲ. ಕಾಫಿ ಹಣ್ಣು ತಿರುವಲು ಜನ ಸಾಲದೆ ನನ್ನ ಗಂಡ ಒದ್ದಾಡಿದರು. "ಕಾಫಿ ಬರೋ ವರ್ಷನೂ ಬಿಡ್ತದೆ" ಎಂದು ಅತ್ತಿಗೆ ಕದಲಲಿಲ್ಲ.

ಕಾಫಿ ಹೂವಾಗುವ ಹೊತ್ತಿಗೆ ಮಗುವಿನ ಕೆನ್ನೆ ತುಂಬಿತು. ಸ್ವಂತವಾಗಿ ಹಾಲು ಚೀಪತೊಡಗಿದ. ಇನ್ನು ತೊಟ್ಟಿಲಿಗೆ ಹಾಕಿ ಹೆಸರಿಡಬಹುದು ಎಂದರು ಮಾವ.

ಪಂಚಾಂಗ ನೋಡಿದ ಐನೋರು ನಕ್ಷತ್ರದ ಪ್ರಕಾರ "ಜಿ" ಎಂದು ಮೊದಲ ಅಕ್ಷರ ಕೊಟ್ಟರು. ಸುದ್ದಿ ಹೊರಬಿದ್ದದ್ದೇ ತಡ, ಹೆಸರುಗಳು ಬರತೊಡಗಿದವು. ಜಿತೇಶ್, ಜಿತೇಂದ್ರ, ಜೀವಿತ್, ಜಿಗ್ನೇಶ್. ಆ ಕಾಲಕ್ಕೆ ಆಲೂರಿನಿಂದ ಸಕಲೇಶಪುರದವರೆಗೆ ಹುಟ್ಟಿದ ಗಂಡುಮಕ್ಕಳೆಲ್ಲ ಶ್, ತ್, ದ್ ಎಂದು ಅರ್ಧದಲ್ಲೇ ನಿಂತು ಮುಗಿಯುತ್ತಿದ್ದರು. ನನ್ನ ಗಂಡನಿಗೆ ಜಿತೇಶ್ ಹಿಡಿಸಿತ್ತು. ನನಗೆ ಯಾವುದಾದರೂ ಸರಿ ಎನ್ನಿಸಿತ್ತು.

ಹೆಸರು ಯಾವುದೆನ್ನುವುದಕ್ಕಿಂತ ಇಡುವವರು ಯಾರೆನ್ನುವುದೇ ಆ ಮನೆಯಲ್ಲಿ ದೊಡ್ಡ ವಿಷಯ ಎಂದು ನನಗೆ ಆಮೇಲೆ ತಿಳಿಯಿತು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ತಂದೆಯ ಅಕ್ಕನೋ ತಂಗಿಯೋ. ಕಿವಿಯಲ್ಲಿ ಹೇಳಿದ ಮೇಲೆ ನೆರೆದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಗ್ಗೆಯಲ್ಲಿ ನನ್ನ ಗಂಡನ ಚಿಕ್ಕಪ್ಪನ ಮನೆಯಲ್ಲಿ, ಆ ಮನೆಯ ಮೊಮ್ಮಗನಿಗೆ ಹೆಸರಿಡಲು, ಸೋದರತ್ತೆಯರಲ್ಲಿ ಹಿರಿಯವರೆಂದು ಅತ್ತಿಗೆಯನ್ನು ಕರೆದಿದ್ದರಂತೆ. ಹೆಸರು ಪ್ರತಾಪ. ಅತ್ತಿಗೆಯ ಬಾಯಲ್ಲಿ ಅದು "ಮ್ರನಾಮ" ಎಂದು ಬಂತು. ಹಿಂದೆ ನಿಂತಿದ್ದ ಯಾರೋ ಹುಡುಗರು ಅದನ್ನೇ ತಿರುಗಿ ಹೇಳಿದರು. ತೊಟ್ಟಿಲ ಸುತ್ತ ಇದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಜಗಲಿಯಲ್ಲಿ ಕುಳಿತಿದ್ದ ಮಾವ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಊಟ ಮಾಡದೆ ಬಸ್ ಸ್ಟಾಪಿಗೆ ನಡೆದುಬಿಟ್ಟರಂತೆ. ಆಮೇಲೆ ಆ ಮನೆಯ ಮೆಟ್ಟಿಲು ಅವರು ಹತ್ತಿದ್ದು ಬಹಳ ವರ್ಷದ ಮೇಲೆ.

ಈಗ ನಮ್ಮ ಮಗನ ಸರದಿ. ಮಾವ ಒಂದು ದಿನ ಊಟದ ಹೊತ್ತಿನಲ್ಲಿ, ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು. "ಮಗ್ಗೆಯಿಂದ ನಿಮ್ ಚಿಕ್ಕಪ್ಪನ ಮಗಳನ್ನ ಕರ್ಸು ಮಾರಾಯ. ಅವ್ಳೂ ಮಗೀಗೆ ಅತ್ತೆನೇ. ಅವ್ಳು ಇಡ್ಲಿ ಹೆಸ್ರ."

ನನ್ನ ಗಂಡ ಅಕ್ಕನ ಮುಖ ನೋಡಿದರು. ಅತ್ತಿಗೆ ರೊಟ್ಟಿ ತಟ್ಟುತ್ತಿದ್ದವರು ಹಾಗೇ ತಟ್ಟುತ್ತಿದ್ದರು. "ಅವ್ಳೇ ಇಡ್ಲಿ ಬುಡು" ಎಂದರು. "ನನ್ ಬಾಯಿಂದ ಏನೋ ಒಂದ್ ಬಂದು, ನಾಳೆ ಹುಡುಗ್ರೆಲ್ಲ ಇವನ್ನ ಹಂಗೇ ಕರೆದ್ರೆ?" ಅಷ್ಟೇ ಹೇಳಿ ಇನ್ನೊಂದು ಹಿಟ್ಟಿನ ಉಂಡೆ ಕೈಗೆ ತಗೊಂಡರು.

ಅದಾದ ಮೇಲೆ ಒಂದು ಮಧ್ಯಾಹ್ನ. ಮಗುವಿಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಅತ್ತಿಗೆ ಅವನನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಿದ್ದರು. ಬಾಯಲ್ಲಿ ಏನೋ ಗುನುಗು. "ನಾನನಾ, ನನ್ನನಾ, ನನ್ನ ನಾ..." ದಿನವೂ ಕೇಳುತ್ತಿದ್ದ ಗುನುಗೇ. ಆ ದಿನ ಯಾಕೋ ನನ್ನ ಕಿವಿ ಅಲ್ಲಿಗೆ ನೆಟ್ಟಿತು. ಆ ನ ಎಷ್ಟು ಸ್ವಚ್ಛವಾಗಿತ್ತೆಂದರೆ, ಒಳ್ಳೆಯ ಕಂಚಿನ ತಟ್ಟೆಯನ್ನು ಬೆರಳಲ್ಲಿ ಬಡಿದ ಹಾಗಿತ್ತು.

"ಅತ್ತಿಗೆ, ಇನ್ನೊಂದು ಸಲ ಅನ್ನಿ" ಎಂದೆ.

"ಏನನ್ನ?"

"ನ ಅನ್ನಿ."

ಅಂದರು. ನಾನೂ ಅಂದೆ. ಇಬ್ಬರದೂ ಒಂದೇ ಥರ ಇತ್ತು. ಅವರು ನನ್ನನ್ನೇ ನೋಡಿದರು. ಆಮೇಲೆ ಒಂದು ಕೈಯಿಂದ ತಮ್ಮ ಮೂಗು ಮುಚ್ಚಿಕೊಂಡು ನ ಅನ್ನಲು ಹೋದರು, ಬರಲಿಲ್ಲ. ನನ್ನ ಮೂಗನ್ನೂ ಹಿಡಿದು "ಈಗ ಅನ್ನು" ಎಂದರು. ನನಗೂ ಬರಲಿಲ್ಲ.

"ನೋಡ್ದಾ" ಎಂದರು ಅತ್ತಿಗೆ. ಅವರ ಮುಖ ಅರಳಿತ್ತು. "ನ ಅನ್ನೋವಾಗ ಎಲ್ರೂ ಮೂಗಲ್ಲೇ ಮಾತಾಡೋದು. ನೀನೂ ಅಷ್ಟೆ, ಐನೋರೂ ಅಷ್ಟೆ. ಅಲ್ಲಿ ನಂಗೂ ನಿಮ್ಗೂ ಏನೂ ಯತ್ವಾಸ ಇಲ್ಲ."

ಅಂದು ಸಂಜೆಯವರೆಗೆ ನಾವಿಬ್ಬರೂ ಜಿ ಇಂದ ಶುರುವಾಗಿ ನಾನಾ ಅಕ್ಷರಗಳಲ್ಲಿ ಮುಗಿಯುವ ಹೆಸರುಗಳನ್ನು ಹೇಳಿ ನೋಡಿದೆವು. ಜಿತೇಶ್ ಅವರ ಬಾಯಲ್ಲಿ ಕೊನೆಗೆ ಗಾಳಿಯಾಗಿ ಹಾರಿಹೋಯಿತು. ಜೀವಿತ್ ಅರ್ಧದಲ್ಲೇ ಕುಸಿಯಿತು. ಜಿಗ್ನೇಶ್ ಅನ್ನಲು ಹೋಗಿ ಅವರೇ ಬಿದ್ದು ಬಿದ್ದು ನಕ್ಕರು. ಕೊನೆಗೆ ನಾನು "ಜೀವನ" ಎಂದೆ.

ಅವರು ಹೇಳಿ ನೋಡಿದರು. ಮೊದಲ ಅಕ್ಷರ ಯೀ ಎಂದು ಸ್ವಲ್ಪ ಕರಗಿತು. ನಡುವಿನ ವ ಪರವಾಗಿರಲಿಲ್ಲ. ಕೊನೆಯ ನ ನೆಟ್ಟಗೆ ಬಂದು ನಿಂತಿತು. ಎರಡನೆಯ ಸಲ ಮೂಗು ಹಿಡಿದು ಜೀ ಅಂದರು, ನ ಬರುವ ಹೊತ್ತಿಗೆ ಬೆರಳು ಬಿಟ್ಟರು. ಈ ಸಲ ಇನ್ನೂ ಚೆನ್ನಾಗಿತ್ತು. ಮಗು ಅವರ ಮುಖವನ್ನೇ ನೋಡುತ್ತಿತ್ತು.

"ಮೊದ್ಲಕ್ಷರ ಐನೋರು ಕೊಟ್ರು" ಎಂದರು ಅತ್ತಿಗೆ. "ಕೊನೇದು ನಾನ್ ಕೊಟ್ಟೆ ಅನ್ಕೋ. ಯಾರ್ ಹೇಳುದ್ರೂ ಇದೇ ಹೆಸ್ರಿಡಿ. ಅವ್ಳೇ ಹೇಳ್ಲಿ, ನಂಗೆ ಕರೆಯಕ್ಕೆ ಬಂದ್ರೆ ಸಾಕು."

ಆದರೆ ನನಗೆ ಸಾಕಾಗಲಿಲ್ಲ. ತೊಟ್ಟು ತೊಟ್ಟಾಗಿ ಹಾಲು ಬಿಟ್ಟು ಮಗುವನ್ನು ನಮ್ಮ ಕೈಗೆ ಕೊಟ್ಟವರು ಹೆಸರಿಡುವ ದಿನ ಹಿಂದೆ ನಿಲ್ಲುವುದೇ? ಗಂಡನಿಗೆ ಹೇಳಿದೆ. ಅವರು ಜಿತೇಶನನ್ನು ಆ ಕ್ಷಣವೇ ಕೈಬಿಟ್ಟರು. ಆದರೆ ಅಪ್ಪನ ಮುಂದೆ ಹೋಗಿ ನಿಲ್ಲುವ ಧೈರ್ಯ ಅವರಿಗಿರಲಿಲ್ಲ. ಇಬ್ಬರೂ ಒಟ್ಟಿಗೆ ಹೋದೆವು. ಮಾವ ಜಗಲಿಯಲ್ಲಿ ಕೋವಿ ಒರೆಸುತ್ತಾ ಕುಳಿತಿದ್ದರು.

"ಹೆಸರು ಅತ್ತಿಗೆಯೇ ಹೇಳಲಿ ಮಾವ" ಎಂದೆ.

"ಬ್ಯಾಡ" ಎಂದರು. "ನಿಂಗೆ ಗೊತ್ತಿಲ್ಲ ಕಣವ್ವ. ಇನ್ನೊಂದ್ಸಲ ಅವಳ್ನ ನಗೋರ ಮುಂದೆ ನಾನ್ ನಿಲ್ಸಲ್ಲ."

ಅತ್ತಿಗೆ ಯಾವಾಗ ಬಾಗಿಲಿಗೆ ಬಂದಿದ್ದರೋ. ಮಗುವನ್ನು ನನ್ನ ಕೈಗೆ ಕೊಟ್ಟು, ಮಾವನ ಎದುರಿಗೆ ಹೋಗಿ ನೆಲದ ಮೇಲೆ ಕುಳಿತರು. ಮೂಗು ಹಿಡಿಯಲಿಲ್ಲ. "ಅಪ್ಪ" ಎಂದರು, ಅಮ್ಮ ಎಂದು ಕೇಳಿಸಿತು.

"ಅಪ್ಪ, ಅವ್ರು ನಕ್ಕಿದ್ದು ನಂಗೆ ಅವತ್ತೇ ಮರ್ತೋಯ್ತು. ಜನ ನಗ್ತಾರೆ, ಹುಟ್ಟಿದಾಗಿಂದ ನೋಡಿವ್ನಿ. ನೀನು ಎದ್ದೋದ್ಯಲ್ಲ, ಅದು ಮರ್ತಿಲ್ಲ."

ಮಾವನ ಕೈ ನಿಂತಿತು.

"ತೊಟ್ಲ ಹತ್ರ ನಿಂತ್ಕಂಡು ತಿರುಗಿ ನೋಡ್ದೆ. ನೀನ್ ಕೂತಿದ್ದ ಜಾಗ ಖಾಲಿ ಇತ್ತು. ಈ ಸಲ ನಗೋರು ನಗ್ಲಿ. ನೀನ್ ಮಾತ್ರ ಎದ್ದೋಗ್ಬ್ಯಾಡ. ಅಷ್ಟಾದ್ರೆ ಹೆಸ್ರು ನಾನ್ ಇಡ್ತೀನಿ."

ಮಾವ ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಿಸಿದರು. ಮಗಳ ಮಾನ ಉಳಿಸಲಿಕ್ಕೆಂದೇ ಎದ್ದು ಹೋದೆ ಎಂದು ಅಷ್ಟು ವರ್ಷವೂ ನಂಬಿದ್ದವರು ಅವರು. "ಆಯ್ತು ಕಣವ್ವ" ಎಂದಷ್ಟೇ ಹೇಳಿದರು.

ಹೆಸರಿಡುವ ದಿನ ಮಗ್ಗೆಯವರೂ ಬಂದಿದ್ದರು. ತೊಟ್ಟಿಲ ಶಾಸ್ತ್ರದ ಹೊತ್ತಿಗೆ ಗಂಡಸರು ಸಾಮಾನ್ಯವಾಗಿ ಹೊರಗೇ ಇರುತ್ತಾರೆ. ಮಾವ ಒಳಗೆ ಬಂದು, ಹೆಂಗಸರ ನಡುವೆಯೇ, ತೊಟ್ಟಿಲಿನ ಎದುರಿಗೆ ಚಾಪೆಯ ಮೇಲೆ ಚಕ್ಕಲಮಕ್ಕಲ ಹಾಕಿ ಕುಳಿತುಬಿಟ್ಟರು. ಹೊಸ ಪಂಚೆ, ತಲೆಗೆ ರುಮಾಲು. ಹೆಂಗಸರು ಮುಖ ಮುಖ ನೋಡಿಕೊಂಡರು.

ಅತ್ತಿಗೆ ತೊಟ್ಟಿಲೊಳಗೆ ಬಾಗಿ ಮಗುವಿನ ಕಿವಿಯಲ್ಲಿ ಹೇಳಿದರು. ಪದ್ಧತಿಯಂತೆ ಹಿಂದಿದ್ದವರು ನಗುತ್ತಾ ಅವರ ಬೆನ್ನಿಗೆ ಗುದ್ದಿದರು. ನೆಟ್ಟಗೆ ನಿಂತು, ಎಲ್ಲರ ಕಡೆ ತಿರುಗಿ, ಗಟ್ಟಿಯಾಗಿ "ಜೀವನ" ಎನ್ನಲು ಹೋದರು. ಗಾಬರಿಗೋ ಏನೋ ದನಿ ಏಳಲಿಲ್ಲ. ಮೂಲೆಯಲ್ಲಿದ್ದ ಒಬ್ಬ ಅಜ್ಜಿ "ಏನಂದ್ಯೇ? ಕೇಳ್ನಿಲ್ಲ" ಎಂದಿತು. ಎಲ್ಲೋ ಒಂದು ಕಿಸಕ್ ಎನ್ನುವ ಸದ್ದೂ ಆಯಿತು. ಮಾವನ ಬಲಗೈ ನೆಲಕ್ಕೆ ಊರಿತು, ಏಳಲು ಹೊರಟವರ ಹಾಗೆ. ಅತ್ತಿಗೆ ಅವರನ್ನೇ ನೋಡಿದರು. ಮಾವ ಊರಿದ ಕೈಯಿಂದ ಸ್ವಲ್ಪ ಮುಂದಕ್ಕೆ ಸರಿದು, ತೊಟ್ಟಿಲಿಗೆ ಇನ್ನಷ್ಟು ಹತ್ತಿರ ಬಂದು ಕುಳಿತುಕೊಂಡು, "ಹೇಳವ್ವ, ಇನ್ನೊಂದ್ಸಲ ಹೇಳು" ಎಂದರು.

ಅತ್ತಿಗೆ ಮೂಗು ಹಿಡಿದು ಜೀ ಅಂದರು. ಬೆರಳು ಬಿಟ್ಟು ಉಳಿದದ್ದನ್ನು ಅಂದರು. ಕಣದಿಂದ ಗುಡ್ಡದಾಚೆಗೆ ಕೂಗುವ ಹಾಗೆ ಕೊನೆಯ ನ ಎಳೆದರು. ಹಜಾರ ತುಂಬಿತು. ಅಜ್ಜಿ ತಲೆದೂಗಿ, "ಜೀವನ, ಬಲು ಚೆಂದಾಗೈತೆ" ಎಂದಿತು. ಮಾವ ಅಂದು ಎಲ್ಲರೊಂದಿಗೆ ಪಂಕ್ತಿಯಲ್ಲಿ ಕುಳಿತು ಉಂಡರು.

ಮುಂದೆ ಆ ಹೆಸರು ಅತ್ತಿಗೆಯ ಬಾಯಿಂದ ದಿನಕ್ಕೆ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಮಗ ಅವರ ಬೆನ್ನು ಬಿಡದೆ ಬೆಳೆದ. ಮಾತು ಕಲಿಯುವಾಗ ಅವರ ಹಾಗೆಯೇ ಮೂಗಿನಲ್ಲಿ ಮಾತಾಡಿದ. ಬಾ ಅನ್ನಲು ಮಾ ಅಂದ. ನೆಂಟರಿಗೆಲ್ಲ ದಿಗಿಲಾಯಿತು. ಶಾಲೆಗೆ ಹೋಗತೊಡಗಿದ ಮೇಲೆ ಹೊರಗೊಂದು ಮಾತು, ಅತ್ತೆಯ ಜೊತೆಗೊಂದು ಮಾತು ಎಂದು ತಾನಾಗಿಯೇ ಬೇರೆ ಮಾಡಿಕೊಂಡ. ಇಬ್ಬರೂ ಬಸ್ಸಿನಲ್ಲಿ ಸಕಲೇಶಪುರಕ್ಕೆ ಹೊರಟರೆ ಕಂಡಕ್ಟರಿಗೆ ಅವನೇ ಅವರ ಬಾಯಿ. ಶಾಲೆಯಲ್ಲಿ ಮೇಷ್ಟ್ರು "ಜೀವನ್" ಎಂದು ಕರೆಯುತ್ತಾರೆಂದು ತಿಳಿದಾಗ ಅತ್ತಿಗೆಗೆ ಸಿಟ್ಟು ಬಂತು. ಸ್ವಾತಂತ್ರ್ಯದ ದಿನ ಬಾವುಟ ಹಾರಿಸಿದ ಮೇಲೆ ನೇರವಾಗಿ ಮೇಷ್ಟ್ರ ಬಳಿ ಹೋಗಿ, ಮಗನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, "ನ್ ಅಂತ ಮುರ್ದು ನಿಲ್ಸಬ್ಯಾಡಿ ಸಾಮಿ. ಎಳೆಯಕ್ಕೆ ಏನಾದ್ರೂ ಉಳೀಬೇಕಲ್ಲ" ಎಂದರಂತೆ. ಮೇಷ್ಟ್ರು ಒಳ್ಳೆಯವರು, ತಿದ್ದಿಕೊಂಡರು.

ಒಮ್ಮೆ ಹಾಸನದಲ್ಲಿ ಇಂಥ ಸೀಳಿಗೆ ಆಪರೇಷನ್ ಮಾಡುತ್ತಾರೆಂದು ಕೇಳಿ ನಾವೇ ಬಲವಂತವಾಗಿ ಕರೆದುಕೊಂಡು ಹೋಗಿದ್ದೆವು. ತೂತು ಮುಚ್ಚಬಹುದು, ಈ ವಯಸ್ಸಿನಲ್ಲಿ ಮಾತು ಬದಲಾಗುವುದು ಕಷ್ಟ ಎಂದರು ಡಾಕ್ಟರು. "ಕುಡಿದ ನೀರು ಮೂಗಲ್ ಬರಲ್ಲ, ಅಷ್ಟೇ ತಾನೆ?" ಎಂದರು ಅತ್ತಿಗೆ. "ನೀರು ಹೆಂಗ್ ಕುಡೀಬೇಕು ಅಂತ ನಂಗೆ ಗೊತ್ತೈತೆ." ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು.

ಮಾವ ಹೋದ ಮೇಲೆ ಆ ಮನೆಯಲ್ಲಿ "ಅಮ್ಮಾ" ಎನ್ನುವ ಕೂಗು ನಿಂತಿತು. ಕೆಲವು ವರ್ಷಕ್ಕೆ ಅತ್ತಿಗೆಗೂ ಎದೆಯ ಕಾಯಿಲೆ ಶುರುವಾಯಿತು. ಎರಡು ಹೆಜ್ಜೆ ನಡೆದರೆ ಏದುಸಿರು. ಹಾಸನದ ಆಸ್ಪತ್ರೆಗೆ ಸೇರಿಸಿದೆವು.

ಅವರ ಹೆಸರನ್ನು ನಾನು ಇಲ್ಲಿ ಎಲ್ಲೂ ಬರೆದಿಲ್ಲ. ಅಜ್ಜಿಯ ಹೆಸರು ಉಳಿಯಲಿ ಎಂದು ಹಿರಿಯರು ಇಟ್ಟದ್ದು ಅದು. ಮೊದಲ ಅಕ್ಷರದಿಂದ ಕೊನೆಯದರವರೆಗೆ ಒಂದೂ ಅವರ ನಾಲಗೆಗೆ ಒಗ್ಗುತ್ತಿರಲಿಲ್ಲ. ಹೊರಗಿನವರು ಯಾರಾದರೂ ಹೆಸರು ಕೇಳಿದರೆ ಪಕ್ಕದಲ್ಲಿದ್ದವರ ಮುಖ ನೋಡುತ್ತಿದ್ದರು, ನಾವು ಹೇಳುತ್ತಿದ್ದೆವು. ಆಸ್ಪತ್ರೆಯಲ್ಲಿಯೂ ನರ್ಸ್ ಬಂದು, "ಏನಮ್ಮ ನಿಮ್ಮ ಹೆಸರು?" ಎಂದು ಕೇಳಿದಳು. ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕೈ ಹಿಡಿದು ತಡೆದರು. ಉಸಿರು ಎಳೆದುಕೊಂಡು, ಕೊನೆಯ ಪದಕ್ಕೆ ಮೂಗು ಹಿಡಿದು, ತಾವೇ ಹೇಳಿದರು.

"ಜೀವನನ ಅತ್ತೆ."

ನರ್ಸ್ ಇನ್ನೊಮ್ಮೆ ಕೇಳಲಿಲ್ಲ. "ಜೀವನನ ಅತ್ತೇನಾ? ಸರಿ" ಎಂದು ನಕ್ಕು ಹೋದಳು. ಆಮೇಲೆ ಆ ವಾರ್ಡಿನಲ್ಲಿ ಅವರನ್ನು ಎಲ್ಲರೂ ಹಾಗೆಯೇ ಕರೆದರು. ಜೀವನನ ಅತ್ತೆ, ಮಾತ್ರೆ ತಗೊಳ್ಳಿ. ಜೀವನನ ಅತ್ತೆ, ಈ ಕಡೆ ತಿರುಗಿ. ಕರೆದಾಗಲೆಲ್ಲ ಅವರು ಕಣ್ಣು ಬಿಟ್ಟು "ಹಾಂ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಕಾಫಿ ತಂದ ಆಯಾ ಹಾಗೆಯೇ ಕರೆದಳು. ಇನ್ನೊಮ್ಮೆ ಕರೆದಳು. ಆಮೇಲೆ ನನ್ನ ಕಡೆ ತಿರುಗಿದಳು.